ಅಕ್ಕಿ ಅಲ್ಲ, ಅಕ್ಕಿ

ಸಿಮೆಂಟ್ ನೆಲದ ಮೇಲೆ ಸ್ಟೀಲ್ ಚಮಚ ಬಿದ್ದರೆ ಬರುತ್ತದಲ್ಲ, ಅಂಥದ್ದೊಂದು ಸದ್ದು. ಮಂಡ್ಯದ ಗುತ್ತಲಿನ ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ಆ ಸದ್ದು ಕೇಳಿದಾಗಲೆಲ್ಲ ನಾನು ಓದುತ್ತಿದ್ದ ಪೇಪರ್ ಮಡಿಸಿಟ್ಟು, ಮಂಡಿ ಹಿಡಿದುಕೊಂಡು ಎದ್ದು, ಅಡುಗೆಮನೆಗೆ ಹೋಗಿ ನೆಲ ನೋಡುತ್ತಿದ್ದೆ. ಚಮಚಗಳೆಲ್ಲ ಸ್ಟ್ಯಾಂಡಿನಲ್ಲಿ ಶಿಸ್ತಾಗಿ ನಿಂತಿರುತ್ತಿದ್ದವು. ಬೀಳುತ್ತಿದ್ದದ್ದು ಮೆಸೇಜು. ಫೋನನ್ನು ಸೈಲೆಂಟ್ ಮೋಡಿಗೆ ಹಾಕುವುದು ಹೇಗೆಂದು ಮಗಳು ತೋರಿಸಿಕೊಟ್ಟಳು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಟೇಬಲ್ ಮ್ಯಾನರ್ಸ್ ಕಲಿಸಿದ್ದರು, ಥ್ಯಾಂಕ್ಯೂ ನೋಟ್ ಬರೆಯುವುದನ್ನು ಕಲಿಸಿದ್ದರು. ಸೈಲೆಂಟ್ ಮೋಡ್ ಕಲಿಸುವ ಅಗತ್ಯ ಬಿದ್ದಿರಲಿಲ್ಲ, ಅವರು ಕ್ಲಾಸಿಗೆ ಕಾಲಿಟ್ಟರೆ ಸಾಕಿತ್ತು. ಮಗಳಿಗೆ ಹೂಂ ಎಂದೆ. ಸದ್ದನ್ನು ಮಾತ್ರ ಹಾಗೇ ಬಿಟ್ಟುಕೊಂಡೆ.

ಮೆಸೇಜುಗಳು ಬರುತ್ತಿದ್ದದ್ದು 'ಮೂರೂರ ಮಾತು' ಎಂಬ ಗ್ರೂಪಿನಿಂದ. ಮೂರೂರೆಂದರೆ ಮಂಡ್ಯ, ಮದ್ದೂರು, ಮಳವಳ್ಳಿ. ತಮಾಷೆಯ ಪ್ರಸಂಗಗಳನ್ನು ಬರೆದು ಹಂಚಿಕೊಳ್ಳುವುದು ಅದರ ಉದ್ದೇಶ. ಗುಡ್ ಮಾರ್ನಿಂಗ್ ಹೂವು ಹಾಕುವಂತಿಲ್ಲ ಎಂಬುದೊಂದೇ ಅದರ ಕಾನೂನು. ಆ ಆಪ್‌ನಲ್ಲಿ ಯಾರ ನಂಬರೂ ಕಾಣುವುದಿಲ್ಲ, ಅವರವರು ಇಟ್ಟುಕೊಂಡ ಹೆಸರಷ್ಟೇ ಕಾಣುತ್ತದೆ. ಹೆತ್ತವರು ಇಟ್ಟ ಹೆಸರನ್ನು ಬದಿಗಿಟ್ಟು ತಮಗೆ ಬೇಕಾದ್ದನ್ನು ಇಟ್ಟುಕೊಳ್ಳುವ ಇಂಥ ಅವಕಾಶ ಸಿಕ್ಕರೆ ಮನುಷ್ಯ ಏನು ಮಾಡುತ್ತಾನೆಂದು ನೋಡಬೇಕಿದ್ದರೆ ನಮ್ಮ ಗ್ರೂಪಿಗೆ ಬರಬೇಕಿತ್ತು.

ನನ್ನ ಹೆಸರು 'ಅಮ್ಮ ನ್ಯೂ'. ನನಗೆ ಹೊಸ ಸಿಮ್ ಕೊಡಿಸಿದಾಗ ಮಗಳು ತನ್ನ ಫೋನಿನಲ್ಲಿ ಹಾಗೆ ಸೇವ್ ಮಾಡಿಕೊಂಡಿದ್ದಳು, ಹಳೆಯ ನಂಬರಿಗೂ ಹೊಸದಕ್ಕೂ ಗೊಂದಲವಾಗದಿರಲಿ ಎಂದು. ಆಪ್ ಹಾಕಿಕೊಡುವಾಗ ಹೆಸರಿನ ಜಾಗದಲ್ಲೂ ಅದೇ ಅಭ್ಯಾಸದಲ್ಲಿ ಅದನ್ನೇ ಟೈಪ್ ಮಾಡಿ ಕಾಲೇಜಿಗೆ ಪಾಠ ಮಾಡಲು ಹೊರಟುಹೋದಳು. ಹೀಗೆ ಎಪ್ಪತ್ತು ದಾಟಿ, ಒಂದು ಮಂಡಿ ಆಪರೇಷನ್ ಆಗಿ, ಎರಡು ಕಣ್ಣಿಗೂ ಲೆನ್ಸ್ ಹಾಕಿಸಿಕೊಂಡ ಮೇಲೆ ನಾನು ನ್ಯೂ ಆದೆ.

ನನಗಿಂತ ಕಷ್ಟದಲ್ಲಿದ್ದವರು 'ಅವೈಲಬಲ್'. ಮಂಡ್ಯದ ರಿಟೈರ್ಡ್ ಲೆಕ್ಚರರ್, ಹೆಂಡತಿ ತೀರಿಕೊಂಡವರು, ಪರಮ ಸಾಧು. ಸ್ಟೇಟಸ್ ಜಾಗದಲ್ಲಿ ಹಾಕಬೇಕಾದ್ದನ್ನು ಹೆಸರಿನ ಜಾಗದಲ್ಲಿ ಹಾಕಿಬಿಟ್ಟಿದ್ದರು. ತೆಗೆಯುವುದು ಗೊತ್ತಾಗಲಿಲ್ಲ. ಅವರು ಪ್ರತಿದಿನ ಬೆಳಗ್ಗೆ ನಾಲ್ಕು ಸಾಲು ಬರೆದಾಗ ಮೇಲೆ 'ಅವೈಲಬಲ್' ಎಂದು ಮೂಡುತ್ತಿತ್ತು. ಗ್ರೂಪಿನ ವಿಧವೆಯರು ಮೊದಮೊದಲು ಉತ್ತರಿಸಲು ಸಂಕೋಚಪಟ್ಟರು. ಅಡ್ಮಿನ್ ಮದ್ದೂರಿನ ಒಬ್ಬಾಕೆ, 'ಲೋ ಬ್ಯಾಟರಿ'. ನಮ್ಮಲ್ಲೆಲ್ಲ ಅತಿ ಹೆಚ್ಚು ಓಡಾಡುತ್ತಿದ್ದವರು ಅವರೇ.

ಇನ್ನೊಬ್ಬರು 'ಮಳವಳ್ಳಿ ಉಳಿ'. ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರು, ನಾನು ಹಾಗೆ ಓದಿಕೊಂಡೆ. ಉಳಿ ಎಂದರೆ ಬಡಗಿಯೇ ಇರಬೇಕು ಎಂದು, ನಮ್ಮ ಹಿತ್ತಿಲ ಕಿಟಕಿಯ ಚೌಕಟ್ಟು ಬಿಟ್ಟುಕೊಂಡಿದೆ, ಒಂದು ದಿನ ಬಂದು ನೋಡಲಾಗುತ್ತದೆಯೇ ಎಂದು ವಿನಯವಾಗಿ ಬರೆದೆ. ಉತ್ತರ ಬಂತು: ತಾವು ಮಳವಳ್ಳಿ ಕಡೆಯ ಜಮೀನ್ದಾರರು, ಅಕ್ಕಿ ಮಿಲ್ಲಿನ ಮಾಲೀಕರು, ಮತ್ತು ಅದು ಉಳಿ ಅಲ್ಲ, ಕಾಡಿನಲ್ಲಿರುವ ಉಲಿ. ಹುಲಿ, ಮೈ ಡಿಯರ್, ಹುಲಿ ಎಂದು ನನಗೆ ನಾನೇ ಹೇಳಿಕೊಂಡೆ.

ನಮ್ಮ ಸೀಮೆಯಲ್ಲಿ 'ಹ' ಎಂಬ ಅಕ್ಷರ ಸ್ಲೇಟಿನ ಮೇಲಷ್ಟೇ ಇರುತ್ತದೆ, ಬಾಯಿಗೆ ಬರುವುದಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹೂವು ಊವಾಗುತ್ತದೆ. ಕಾನ್ವೆಂಟಿನ ಎಲೊಕ್ಯೂಷನ್ ಕ್ಲಾಸಿನಲ್ಲಿ ಸಿಸ್ಟರ್ ನಮ್ಮ ತುಟಿಯ ಮುಂದೆ ತೆಳುವಾದ ಕಾಗದದ ಚೂರು ಹಿಡಿಯುತ್ತಿದ್ದರು. 'ಹೌಸ್' ಎಂದಾಗ ಕಾಗದ ಅಲುಗಬೇಕು. ನಮ್ಮ ಕಡೆಯ ಹುಡುಗಿಯರು 'ಔಸ್' ಎನ್ನುತ್ತಿದ್ದರು, ಕಾಗದ ಕಲ್ಲಿನಂತೆ ನಿಂತಿರುತ್ತಿತ್ತು. ನಾನು ಅಷ್ಟು ವರ್ಷ ಊದಿ ಊದಿ ಕಾಗದ ಅಲುಗಿಸುವುದನ್ನು ಕಲಿತೆ. ಅದರಿಂದ ಜೀವನದಲ್ಲಿ ಏನು ಉಪಯೋಗವಾಯಿತೆಂದು ಕೇಳಿದರೆ, ಒಂದೇ ಒಂದು ಸಲ ಆಯಿತು. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಗ್ರೂಪಿನಲ್ಲಿ 'ಅಕ್ಕಿ' ಎಂಬ ಹೆಸರಿನಿಂದ ಒಬ್ಬರು ಬರೆಯುತ್ತಿದ್ದರು. ಅಕ್ಕಿಯ ಬರಹ ಬಂದ ದಿನ ಬೇರೆಯವರು ಬರೆಯಲು ಹಿಂಜರಿಯುತ್ತಿದ್ದರು. ಬರೆಯುತ್ತಿದ್ದದ್ದು ಯಾವಾಗಲೂ ಒಂದು ದೊಡ್ಡ ಕೂಡು ಮನೆಯ ಬಗ್ಗೆ, ಅದರ ಯಜಮಾನರ ಬಗ್ಗೆ, ಪಕ್ಕಾ ಮಳವಳ್ಳಿ ಮಾತಿನಲ್ಲಿ. ಒಂದು ಪ್ರಸಂಗ ನನಗಿನ್ನೂ ಬಾಯಿಪಾಠ. ಯಜಮಾನರಿಗೆ ಸಕ್ಕರೆ ಕಾಯಿಲೆ ಬಂತು. ಅಂದಿನಿಂದ ಅವರ ದೇವರ ಪೂಜೆ ಉದ್ದವಾಯಿತು. ಮೊದಲು ಗಂಟೆ ಬಾರಿಸಿ ಎದ್ದು ಬರುತ್ತಿದ್ದವರು ಈಗ ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಇರುತ್ತಾರೆ, ಮುಖದಲ್ಲಿ ಒಂದು ಕಳೆ. ಊರವರೆಲ್ಲ ಕಾಯಿಲೆ ಮನುಷ್ಯನನ್ನು ಎಷ್ಟು ಮಾಗಿಸುತ್ತದೆ ನೋಡಿ ಎಂದರು. ಕೊನೆಗೆ ದೇವರ ಪಟದ ಹಿಂದಿನಿಂದ ಇರುವೆಗಳ ಸಾಲು ಹೊರಟು ಜಗಲಿಯವರೆಗೆ ಬಂದಾಗ ಬೆಲ್ಲದಚ್ಚು ಸಿಕ್ಕಿತು. 'ಇರುವೆ ಏಳ್ಬುಡ್ತು, ದ್ಯಾವ್ರು ಏಳಿರ್ನಿಲ್ಲ' ಎಂದು ಮುಗಿಸಿದ್ದರು ಅಕ್ಕಿ.

ಇದನ್ನು ಓದಿ ಗ್ರೂಪಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವರು ಮಳವಳ್ಳಿ ಹುಲಿ. ನಗುವ ಮುಖಗಳನ್ನು ಸಾಲುಸಾಲಾಗಿ ಹಾಕಿದರು. ನಮ್ಮ ಕಡೆ ಇಂಥ ಮುದುಕರು ಬಾಳ ಅವ್ರೆ, ನಾನೇ ನೋಡಿವ್ನಿ ಎಂದು ಬರೆದು, ತಮ್ಮ ನೆಂಟರಿಗೆಲ್ಲ ಫಾರ್ವರ್ಡ್ ಮಾಡಿದರು.

ನನಗೆ ಅಕ್ಕಿಯ ಮೇಲೆ ಪ್ರೀತಿ ಬಂತು. ಪ್ರೀತಿ ಬಂದರೆ ನಾನು ತಿದ್ದಲು ಹೋಗುತ್ತೇನೆ. ಪ್ರೈವೇಟಾಗಿ ಬರೆದೆ: ಇಷ್ಟು ಚೆನ್ನಾಗಿ ಬರೆಯುವವರು ದಿನಸಿ ಪದಾರ್ಥದ ಹೆಸರು ಇಟ್ಟುಕೊಳ್ಳುವುದೇ? ಉತ್ತರ ಬಂತು: 'ದಿನ್ಸಿ ಅಲ್ಲ ಕಣಮ್ಮ. ಮರದ ಮೇಲೆ ಕೂರ್ತದಲ್ಲ, ಅದು.' ಆಗ ಕಾನ್ವೆಂಟಿನ ಕಾಗದದ ಚೂರು ನನ್ನ ತಲೆಯಲ್ಲಿ ಅಲುಗಿತು. ಹಕ್ಕಿ. ಇಂಗ್ಲಿಷ್ ಅಕ್ಷರದಲ್ಲಿ ಬಾಯಿಗೆ ಬಂದ ಹಾಗೆ ಒತ್ತಿದ್ದರಿಂದ ಎಚ್ ಬಿಟ್ಟುಹೋಗಿತ್ತು.

ಅಕ್ಕಿ ಹೆಂಗಸೆಂಬುದೂ ಅವಳ ಕತೆಯೂ ಹೀಗೆ ಸ್ವಲ್ಪಸ್ವಲ್ಪವಾಗಿ ತಿಳಿಯಿತು. ಅಪ್ಪ ಶಿವನಸಮುದ್ರದ ಪವರ್ ಹೌಸಿನಲ್ಲಿ ಕೆಲಸದಲ್ಲಿದ್ದವರು. ಕ್ವಾರ್ಟರ್ಸಿನ ಸೀಬೆಮರದ ಮೇಲೆ ಕೂತು ಹಾದುಹೋಗುವವರಿಗೆಲ್ಲ ಏನಾದರೊಂದು ಹೇಳುತ್ತಿದ್ದ ಮಗಳನ್ನು ಅಪ್ಪ ಹಕ್ಕಿ ಎಂದು ಕರೆಯುತ್ತಿದ್ದರಂತೆ. ಮದುವೆಯಾಗಿ ಬಂದ ಮನೆಯಲ್ಲಿ ಅತ್ತೆಯದೂ ಇವಳದೂ ಒಂದೇ ಹೆಸರಾಗಿಹೋಯಿತು. ಸೊಸೆಯನ್ನು ಬಯ್ಯುವಾಗ ಅತ್ತೆಯ ಹೆಸರೆತ್ತಿ ಬಯ್ದ ಹಾಗಾಗುತ್ತದಲ್ಲ, ಅದಕ್ಕೆ ಧಾರೆಯ ದಿನವೇ ಇವಳ ಹೆಸರು ಬದಲಿಸಿದರು. ಆ ಹೊಸ ಹೆಸರು ಕೂಗಿದರೆ ಈಗಲೂ ಒಂದು ಗಳಿಗೆ ತಡೆದು ಓಗೊಡುತ್ತೇನೆ ಎಂದು ಬರೆದಿದ್ದಳು. ಗಂಡ ಒಳ್ಳೆಯವನು, ಮಾತು ಕಮ್ಮಿ. ಮನೆಯಲ್ಲಿ ಮಾತು ನಡೆಯುವುದು ಗಂಡನ ಅಣ್ಣನದು.

ಗಂಡನ ಅಣ್ಣ ಯಾರೆಂದು ಅವಳು ಹೇಳಿದ್ದು ಆಮೇಲೆ, ಹೇಳಲೇಬೇಕಾದಾಗ. ಲೋ ಬ್ಯಾಟರಿಯವರು ಮದ್ದೂರಿನಲ್ಲಿ ಗ್ರೂಪಿನ ಮೀಟಿಂಗ್ ಇಟ್ಟುಕೊಂಡರು. ಎಲ್ಲರೂ ಬರಬೇಕು, ಒಬ್ಬೊಬ್ಬರಾಗಿ ಎದ್ದು ತಮ್ಮ ಹೆಸರಿನ ಹಿಂದಿನ ಕತೆ ಹೇಳಬೇಕು, ಮನೆಯವರನ್ನೂ ಕರೆತನ್ನಿ, ಊಟ ಇದೆ. ಆ ಸಂಜೆ ಅವಳ ಮೆಸೇಜು ಬಂತು. ಬಾವ ಮನೆಯವರನ್ನೆಲ್ಲ ಕಾರಿನಲ್ಲಿ ಕರೆದುಕೊಂಡು ಹೊರಟಿದ್ದಾರೆ, ತಾನೂ ಬರಲೇಬೇಕು, ಬಾವ ಅಂದರೆ ನಮ್ಮ ಉಲಿ.

ನಾನು ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಬೆಲ್ಲದಚ್ಚಿನ ಯಜಮಾನರು ಅವರೇ. ತಮ್ಮ ಕತೆಗೇ ನಕ್ಕು, ತಮ್ಮ ಕತೆಯನ್ನೇ ನೆಂಟರಿಗೆಲ್ಲ ಹಂಚಿದ್ದರು. ಹೇಗೆ ಗೊತ್ತಾಗಲಿಲ್ಲ ಎಂದು ಕೇಳಿದೆ. ಅವಳು ಬರೆದಳು, ನಾನು ಯಜಮಾನರನ್ನು ಸಣಕಲು ಮಾಡಿದ್ದೆ ಕಣಮ್ಮ. ನಿಜ, ಕತೆಯಲ್ಲಿ ಯಜಮಾನರು ಕಡ್ಡಿಯ ಹಾಗಿದ್ದರು. ನಮ್ಮ ಹುಲಿ ದಪ್ಪಗಿದ್ದಾರಂತೆ. ತೆಳ್ಳಗಿನವನ ಕತೆಯಲ್ಲಿ ತಮ್ಮನ್ನು ಹುಡುಕುವ ಯೋಚನೆ ಅವರಿಗೆ ಬರಲಿಲ್ಲ.

ಆದರೆ ಗೊತ್ತಾದರೆ? ಅವಳ ಓರಗಿತ್ತಿ ಒಮ್ಮೆ ತನ್ನ ಫೋಟೋವನ್ನು ಫೋನಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ್ದಕ್ಕೆ ಆ ಫೋನು ಬೀರುವಿನ ಒಳಗೆ ಹೋಗಿತ್ತು, ಇನ್ನೂ ಹೊರಗೆ ಬಂದಿಲ್ಲ. ಇವಳಿಗೆ ಅದೂ ದೊಡ್ಡ ಹೆದರಿಕೆಯಲ್ಲ. 'ಫೋನ್ ಓದ್ರೆ ಓಗ್ಲಿ ಬುಡಿ. ಆಮ್ಯಾಕೆ ನನ್ನ ಕಂಡ್ರೆ ಎಲ್ರೂ ಬಾಯಿ ಮುಚ್ಕತಾರೆ. ನಂಗೆ ಬರಿಯಾಕೆ ಏನೂ ಇರಾಕಿಲ್ಲ' ಎಂದು ಬರೆದಳು. ನಾನು ಧೈರ್ಯ ಹೇಳಿದೆ: ಸುಮ್ಮನೆ ಕೂತಿರು, ಅಕ್ಕಿ ಬಂದಿಲ್ಲ ಎಂದುಕೊಂಡು ಮುಂದೆ ಹೋಗುತ್ತಾರೆ.

ಮದ್ದೂರಿನಲ್ಲಿ ಮೀಟಿಂಗ್ ಎಂದರೆ ತಿಂಡಿ ಏನೆಂದು ಕೇಳಬೇಕಿಲ್ಲ. ಲೋ ಬ್ಯಾಟರಿಯವರ ಮನೆಯ ಮಹಡಿಯ ಮೇಲೆ ಕುರ್ಚಿ ಹಾಕಿದ್ದರು. ಹುಲಿಯವರು ಬಿಳಿ ಪಂಚೆಯಲ್ಲಿ ಮೊದಲ ಸಾಲಿನಲ್ಲಿ ಕೂತರು. ಅವರ ಮನೆಯ ಹೆಂಗಸರನ್ನು ಹಿಂದಿನ ಸಾಲಿನಲ್ಲಿ ಕೂರಿಸಿದರು. ನಾನು ಅಲ್ಲೇ ಹೋಗಿ ಕೂತೆ. ಪಕ್ಕದಲ್ಲಿದ್ದವಳು ನಲವತ್ತೈದರ ಆಸುಪಾಸಿನ, ಸಣ್ಣ ಮುಖದ ಹೆಂಗಸು, ಕೈಯಲ್ಲಿ ಕರ್ಚೀಫ್ ಹಿಂಡುತ್ತಿದ್ದಳು. ನಾನು ಯಾರೆಂದು ಅವಳಿಗೂ ಅವಳು ಯಾರೆಂದು ನನಗೂ ಯಾರೂ ಹೇಳಬೇಕಾಗಲಿಲ್ಲ.

ಅವೈಲಬಲ್ ಅವರು ಎದ್ದು ತಮ್ಮ ತಪ್ಪನ್ನು ಒಪ್ಪಿಕೊಂಡು ಕ್ಷಮೆ ಕೇಳಿದರು. ಯಾರೋ ಪ್ರಶ್ನೆ ಕೇಳಿದರೆ ಉತ್ತರಿಸಲಿಲ್ಲ; ಅವತ್ತು ಅವರ ಹಿಯರಿಂಗ್ ಏಡ್ ಅವೈಲಬಲ್ ಇರಲಿಲ್ಲ. ಲೋ ಬ್ಯಾಟರಿಯವರು ಅದು ಗಂಡ ಸಂಜೆ ಆಫೀಸಿನಿಂದ ಬಂದು ದಿನಾ ಹೇಳುತ್ತಿದ್ದ ಮಾತೆಂದೂ, ತಾವು ಅದನ್ನು ಅವರಿಂದ ಕಿತ್ತುಕೊಂಡಿರುವುದಾಗಿಯೂ ಹೇಳಿದರು. ಆಮೇಲೆ ಹುಲಿಯವರು. ತಾವು ಪ್ರಾಯದಲ್ಲಿದ್ದಾಗ ಕಬ್ಬಿನ ಗದ್ದೆಯಲ್ಲಿ ನೀರು ಕಟ್ಟುತ್ತಿದ್ದಾಗ ಎದುರಿಗೆ ಹುಲಿ ಬಂದದ್ದು, ತಾವು ಸನಿಕೆ ಎತ್ತಿಕೊಂಡು ಅದರ ಕಣ್ಣಲ್ಲಿ ಕಣ್ಣಿಟ್ಟು ನಿಂತದ್ದು, ಅದು ಬಾಲ ಮುದುರಿಕೊಂಡು ಹೋದದ್ದು.

ನನ್ನ ಪಕ್ಕದಿಂದ ತುಟಿ ಅಲುಗದ ಹಾಗೆ ಒಂದು ಮಾತು ಬಂತು. 'ಅದು ಪಕ್ಕದ ತೋಟದೋರ ನಾಯಿ ಕಣಮ್ಮ.'

ನಾನು ಕೆಮ್ಮಿಕೊಂಡೆ. ಈ ಹೆಂಗಸನ್ನು ಕಾಪಾಡುವುದು ಸುಲಭವಲ್ಲ ಎಂದು ಆಗಲೇ ಅನ್ನಿಸಿತು.

ಅಕ್ಕಿಯ ಸರದಿ ಬಂತು. ಲೋ ಬ್ಯಾಟರಿಯವರು ಎರಡು ಸಲ ಕರೆದರು. ಯಾರೂ ಏಳಲಿಲ್ಲ. ಎಲ್ಲರೂ ಅತ್ತಿತ್ತ ತಿರುಗಿ ನೋಡಿದರು. ಬಂದಿಲ್ಲ ಬಿಡಿ ಎಂದು ಯಾರೋ ಎಂದರು, ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಹುಲಿಯವರು ಕುರ್ಚಿಯನ್ನು ನಮ್ಮ ಕಡೆ ತಿರುಗಿಸಿಕೊಂಡು ತಮ್ಮ ಪತ್ತೇದಾರಿಕೆಯನ್ನು ಸಭೆಯ ಮುಂದಿಟ್ಟರು. ಅದು ಗಂಡಸೇ, ಅನುಮಾನವಿಲ್ಲ. ಹೆಂಗಸರಿಗೆ ಅಷ್ಟು ದೂರ ಬುದ್ಧಿ ಓಡುವುದಿಲ್ಲ. ಅದರಲ್ಲೂ ತಮ್ಮ ಹಾಗೆ ಮಿಲ್ಲಿನವನೇ. ದಿನಾ ಮೂಟೆ ನೋಡುವವನಿಗಲ್ಲದೆ ಬೇರೆ ಯಾರಿಗೆ ಅಕ್ಕಿ ಎಂದು ಹೆಸರಿಟ್ಟುಕೊಳ್ಳಲು ಹೊಳೆಯುತ್ತದೆ?

ಗಂಡಸು ಎಂದಾಗ ಅವಳು ಸುಮ್ಮನಿದ್ದಳು. ಬುದ್ಧಿ ಇಲ್ಲ ಎಂದಾಗಲೂ ಸುಮ್ಮನಿದ್ದಳು, ಅದೇನು ಅವಳಿಗೆ ಹೊಸದಲ್ಲ. ಅಪ್ಪ ಕರೆಯುತ್ತಿದ್ದ ಹೆಸರನ್ನು ಮೂಟೆಗೆ ತುಂಬಿದ್ದನ್ನು ಮಾತ್ರ ಅವಳಿಂದ ಸಹಿಸಲಾಗಲಿಲ್ಲ. ನಾನು ಅವಳ ಮೊಣಕೈ ಹಿಡಿಯುವಷ್ಟರಲ್ಲಿ ಮಾತು ಹೊರಗೆ ಬಂದಾಗಿತ್ತು.

'ಅಕ್ಕಿ ಅಲ್ಲ ಬಾವ. ಅಕ್ಕಿ.'

ಅವಳು ತನ್ನ ಗುಟ್ಟನ್ನು ಎಲ್ಲರ ಎದುರಿಗೆ, ಯಾರಿಂದ ಬಚ್ಚಿಟ್ಟಿದ್ದಳೋ ಅವರ ಮುಖಕ್ಕೇ ಹೇಳಿಯಾಗಿತ್ತು.

ಹುಲಿಯವರು ಹುಬ್ಬು ಗಂಟಿಕ್ಕಿದರು. 'ನಾನೂ ಅದ್ನೇ ತಾನೇ ಕಣವ್ವ ಏಳ್ತಿರೋದು?'

'ಅಲ್ಲ ಬಾವ. ಅದು ಅಕ್ಕಿ. ಆರೋ ಅಕ್ಕಿ.'

'ಆರಾಕಿದ್ರೂ ಅಕ್ಕೀನೇ, ಮೂಟೇಲಿದ್ರೂ ಅಕ್ಕೀನೇ. ಮಿಲ್ ಇಟ್ಕಂಡಿರೋನು ನಾನು, ನಂಗೇ ಅಕ್ಕಿ ಇಚಾರ ಏಳ್ಕೊಡ್ತೀಯಲ್ಲವ್ವ. ಸುಮ್ಕೆ ಕೂತ್ಕೊ.'

ಸಭೆ ನಕ್ಕಿತು. ಲೋ ಬ್ಯಾಟರಿಯವರೂ ನಕ್ಕರು. ಅವಳು ಬಾಯಿ ತೆರೆದುಕೊಂಡೇ ಇದ್ದಳು, ಮುಖದಲ್ಲಿ ಮೊದಲು ಅವಮಾನ, ಆಮೇಲೆ ನಿಧಾನವಾಗಿ ಇನ್ನೇನೋ. ತಾನು ಏನು ಮಾಡಿಬಿಟ್ಟಿದ್ದೆ, ಅದರಿಂದ ಏನೂ ಆಗಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯುತ್ತಿತ್ತು. ಹಾರುವ ಹಕ್ಕಿಯನ್ನು ಅವಳು ಎರಡು ಸಲ ಹಾರಿಸಿದ್ದಳು, ಎರಡು ಸಲವೂ ಅದು ಬಾವನ ಮಿಲ್ಲಿನ ಅಂಗಳದಲ್ಲಿ ಒಣಗಲು ಹಾಕಿದ ಅಕ್ಕಿಯ ಮೇಲೆ ಹೋಗಿ ಬಿದ್ದಿತ್ತು. ಆ ಮಹಡಿಯ ಮೇಲೆ ಇಲ್ಲದ ಆ ಒಂದು ಅಕ್ಷರವನ್ನು ಕೇಳಿಸಿಕೊಂಡವಳು ನಾನೊಬ್ಬಳೇ. ಸಿಸ್ಟರ್ ಇದನ್ನು ಯಾವ ಮಾರ್ಕಿಗೆ ಸೇರಿಸುತ್ತಿದ್ದರೋ ಗೊತ್ತಿಲ್ಲ. ಊಟಕ್ಕೆ ಏಳುವಾಗ ಅವಳು ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಸುಕಿ ಬಿಟ್ಟಳು.

ಅಲ್ಲಿಗೆ ಅಪಾಯ ಕಳೆಯಿತು ಎಂದುಕೊಂಡಿದ್ದೆವು. ಆದರೆ ವೈರಿಗಿಂತ ಅಭಿಮಾನಿ ದೊಡ್ಡ ಕಷ್ಟ. ಹುಲಿಯವರಿಗೆ ಅಕ್ಕಿಯ ಬರಹದ ಹುಚ್ಚು ಹಿಡಿದಿತ್ತು. ಇಂಥ ಪ್ರತಿಭಾವಂತರು ಮರೆಯಲ್ಲಿರಬಾರದು, ಅಕ್ಕಿಯವರಿಗೆ ಮಳವಳ್ಳಿಯಲ್ಲಿ ಸನ್ಮಾನ ಮಾಡಿಯೇ ತೀರುತ್ತೇನೆ ಎಂದು ಗ್ರೂಪಿನಲ್ಲಿ ಸಾರಿದರು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಹೆಸರು ವಿಳಾಸ ಕೊಡಿ ಎಂದು ದಿನಾ ಕೇಳಿದರು. ಕೊಡದಿದ್ದಾಗ, ವಿನಯವೂ ಒಂದು ಮಿತಿಯಲ್ಲಿರಬೇಕು ಎಂದು ಗದರಿದರು. ತಮ್ಮ ಮಿಲ್ಲಿಗೆ ಬರುವ ಬೇರೆ ಮಿಲ್ಲಿನ ಮಾಲೀಕರನ್ನೆಲ್ಲ ನೀನೇನೋ ಅಕ್ಕಿ ಎಂದು ವಿಚಾರಿಸತೊಡಗಿದರು. ಮಿಲ್ಲಿನವರು ಈ ಪ್ರಶ್ನೆಗೆ ಏನೆಂದು ಉತ್ತರಿಸಬೇಕೋ ತಿಳಿಯದೆ ಕಕ್ಕಾಬಿಕ್ಕಿಯಾದರಂತೆ. ಶಾಲನ್ನು ಕೊಂಡೂ ತಂದರು. ಮನೆಯಲ್ಲಿ ಅದನ್ನು ಹೆಂಗಸರಿಗೆ ತೋರಿಸಿ ಜರಿ ಹೇಗಿದೆ ಎಂದು ಕೇಳಿದರು. ಚೆನ್ನಾಗದೆ ಬಾವ ಎಂದಳಂತೆ ಇವಳು.

ಒಂದು ದಿನ ಗ್ರೂಪಿನಲ್ಲಿ ಸಣ್ಣ ಬೂದು ಅಕ್ಷರಗಳಲ್ಲಿ ಒಂದು ಸಾಲು ಬಂತು, ಅಕ್ಕಿ ಗ್ರೂಪ್ ತೊರೆದಿದ್ದಾರೆ ಎಂದು. ನನಗೆ ಬರೆಯುತ್ತಿದ್ದ ಪ್ರೈವೇಟ್ ಮೆಸೇಜಿನ ಜಾಗದಲ್ಲೂ 'ಡಿಲೀಟೆಡ್ ಅಕೌಂಟ್' ಎಂದು ಬಂತು. ಆಮೇಲೆ ಗ್ರೂಪು ಮಂಕಾಯಿತು. ಹುಲಿಯವರು ಬಹಳ ಹುಡುಕಿ, ಬಹಳ ಯೋಚಿಸಿ, ಕೊನೆಗೆ ಒಬ್ಬ ಮನುಷ್ಯ ಸನ್ಮಾನ ಬಿಟ್ಟು ಹೋಗಬೇಕಿದ್ದರೆ ಕಾರಣ ಒಂದೇ ಎಂದು ತೀರ್ಮಾನಿಸಿ, 'ಓಂ ಶಾಂತಿ' ಎಂದು ಹಾಕಿ ಕೈಮುಗಿದರು. ಅವರ ಹಿಂದೆ ಎಲ್ಲರೂ ಕೈಮುಗಿದರು. ಅವೈಲಬಲ್ ಅವರು ಒಂದು ಚರಮಗೀತೆಯನ್ನೇ ಬರೆದರು. ನಾನೇನೂ ಬರೆಯಲಿಲ್ಲ.

ಅವಳನ್ನು ನಾನು ಕೊನೆಯ ಸಲ ನೋಡಿದ್ದು ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ. ನೆಂಟರ ಮನೆಯ ನಾಮಕರಣ ಮುಗಿಸಿ ಮಂಡ್ಯದ ಬಸ್ಸಿಗೆ ಕಾಯುತ್ತಿದ್ದೆ. ಮಗುವಿಗೆ ಇಟ್ಟ ಹೆಸರು ಎಷ್ಟು ಮಾಡರ್ನ್ ಎಂದರೆ ಅಜ್ಜಿ ಅದನ್ನು ತೊಟ್ಟಿಲಿನ ಮುಂದೆ ಹೇಳಲಾರದೆ ಪಾಪು ಎಂದೇ ಮುಗಿಸಿದ್ದರು. ಬೇಕರಿಯ ಮುಂದಿನಿಂದ ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ಬಂದಳು, ತವರಿಗೆ ಹೊರಟಿದ್ದಳು. ನನ್ನ ಪಕ್ಕ ಕೂತು ಮೊದಲು ಮಂಡಿ ಹೇಗಿದೆ ಎಂದು ವಿಚಾರಿಸಿದಳು. ಆಮೇಲೆ ನಕ್ಕಳು.

'ಬಾವ ಬಂದು ಅಕ್ಕಿ ತೀರ್ಕಂಡ್ಬುಟ್ಟ ಪಾಪ ಅಂದ್ರು ಕಣಮ್ಮ. ನಾನು ಮುದ್ದೆ ಇಕ್ತಾ ಇದ್ದೆ. ಅಯ್ಯೋ ಪಾಪ ಅಂದೆ.'

ಅವತ್ತು ಬಾವ ಒಂದು ಮುದ್ದೆ ಕಮ್ಮಿ ಉಂಡರಂತೆ. ಇದನ್ನು ಹೇಳುವಾಗ ಅವಳ ದನಿ ಸ್ವಲ್ಪ ಮೆತ್ತಗಾಯಿತು. ಅಷ್ಟು ದಿನ ಆ ಮನೆಯಲ್ಲಿ ತನಗೋಸ್ಕರ ಯಾರೂ ಒಂದು ತುತ್ತು ಬಿಟ್ಟಿರಲಿಲ್ಲ ಎಂದಳು. ಆ ಶಾಲು ಏನಾಯಿತು ಎಂದು ಕೇಳಿದೆ. ಅವರೇ ಹೊದ್ದುಕೊಳ್ಳುತ್ತಿದ್ದಾರೆ, ಬೆಳಗಿನ ಚಳಿಗೆ.

ಬರೆಯುವುದು ನಿಂತೇ ಹೋಯಿತೆ ಎಂದು ಕೇಳಿದೆ. ನಿಲ್ಲಿಸಿಲ್ಲ, ಬೇರೆ ಗುಂಪಿನಲ್ಲಿ ಬೇರೆ ಹೆಸರಿನಲ್ಲಿ ಬರೆಯುತ್ತಿದ್ದೇನೆ ಎಂದಳು. ಬಾವನೂ ಅಲ್ಲಿಗೆ ಬಂದು ಸೇರಿದ್ದಾರೆ. ಅಯ್ಯೋ, ಮತ್ತೆ ಅದೇ ಕತೆಯಾಗುತ್ತದಲ್ಲ ಎಂದು ನಾನು ಗಾಬರಿಯಾದೆ.

'ಅವ್ರಿಲ್ದಿದ್ರೆ ನಾನೇನಮ್ಮ ಬರೀಲಿ?'

ಯಾವ ಗುಂಪು, ಏನು ಹೆಸರು ಎಂದು ಮೆಲ್ಲಗೆ ಕೇಳಿದೆ. ನನ್ನನ್ನೂ ಸೇರಿಸಿಕೋ ಎಂದೆ. ಅವಳು ಚೀಲದ ಹಿಡಿಕೆಯನ್ನು ಸರಿಮಾಡಿಕೊಳ್ಳುತ್ತಾ ತಲೆಯಾಡಿಸಿದಳು. ನನ್ನ ಮೇಲೆ ಸಿಟ್ಟೇನೂ ಅವಳ ಮುಖದಲ್ಲಿರಲಿಲ್ಲ.

'ಬ್ಯಾಡ ಕಣಮ್ಮ. ನೀವು ಓದ್ತಾ ಇದ್ದೀರ ಅಂತ ಗೊತ್ತಾದ್ರೆ ನಿಮ್ಗೋಸ್ಕರ ಚೆನ್ನಾಗಿ ಬರಿಯಾಕೆ ಓಯ್ತೀನಿ. ಆಗ ಕೆಟ್ಟೋಯ್ತದೆ.'

ಆಫ್ ಕೋರ್ಸ್ ಎಂದೆ, ಇಂಗ್ಲಿಷಿನಲ್ಲಿ. ನೋವಾದಾಗ ನನಗೆ ಆ ಭಾಷೆ ಒದಗಿ ಬರುತ್ತದೆ. ಶಿವನಸಮುದ್ರದ ಬಸ್ಸು ಬಂತು. ನೂಕುನುಗ್ಗಲಿನಲ್ಲಿ ಹತ್ತಿ ಒಳಗೆ ಮರೆಯಾದಳು. ಬಸ್ಸು ಹಿಂದಕ್ಕೆ ಬಂದು ತಿರುಗಿಕೊಳ್ಳುವಾಗ ಕಂಡಳು, ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು. ಹೊರಗೆ ನೋಡುತ್ತಿರಲಿಲ್ಲ. ತಲೆ ಬಗ್ಗಿಸಿ, ಎರಡು ಹೆಬ್ಬೆರಳುಗಳಿಂದ ಫೋನಿನ ಮೇಲೆ ಏನನ್ನೋ ಬೇಗಬೇಗ ಒತ್ತುತ್ತಾ ತನ್ನಷ್ಟಕ್ಕೆ ನಗುತ್ತಿದ್ದಳು.